ಅವಳು ಉಗುಳುತ್ತಿದ್ದಳು ಎಂದು ನಾನು ಹೇಳಲಿಲ್ಲ

ವಸಂತಿಯ ಮದುವೆ ಮಾತು ಮುರಿದುಬಿದ್ದದ್ದು ನನ್ನಿಂದ. ಸುಳ್ಳು ಹೇಳಿ ಮುರಿದೆ ಎಂದರೆ ಒಪ್ಪಿಕೊಳ್ಳುವುದು ಸುಲಭವಿತ್ತೇನೋ — ಆದರೆ ನಾನು ಹೇಳಿದ್ದು ನಿಜ. ಅರ್ಧ ನಿಜ. ಉಳಿದರ್ಧವನ್ನು ಬೇಕೆಂದೇ ನುಂಗಿಕೊಂಡೆ.

ವಸಂತಿ ಭದ್ರಾವತಿಯ ಜನ್ನಾಪುರದವಳು. ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ಶಿವಮೊಗ್ಗದ ಕಾಲೇಜಿನ ಕೆಮಿಸ್ಟ್ರಿ ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ದುರ್ಗಿಗುಡಿಯ ನಮ್ಮ ಮನೆಯಲ್ಲಿ ಊಟ ಮಾಡಿಯೇ ಅವಳು ಸಂಜೆಯ ಬಸ್ಸು ಹಿಡಿಯುತ್ತಿದ್ದಳು. ಓದು ಮುಗಿದಾಗ ಬೆಂಗಳೂರಿನ ಆಚೆಯ ಒಂದು ವೈನ್ ಕಂಪನಿಯಿಂದ ಇಬ್ಬರಿಗೂ ಕೆಲಸದ ಕರೆ ಬಂತು. ನಮ್ಮದು ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನೆ. ‘ಹೆಂಡ ಮಾಡೋ ಕಡೆ ನಮ್ಮನೆ ಹುಡುಗಿ ಹೋಗೋದಾ?’ ಎಂದರು ಅಪ್ಪ. ನಾನು ಅಳಲಿಲ್ಲ, ಜಗಳವಾಡಲಿಲ್ಲ. ಸ್ಕೂಲ್ ಟೀಚರ್ ಆದೆ. ಅವಳು ಹೋದಳು.

ಕೆಲವು ವರ್ಷಗಳ ನಂತರ ಅವಳ ಕೆಲಸದ ಜಾಗ ನೋಡಲು ಹೋಗಿದ್ದೆ. ಬೆಟ್ಟದ ಬುಡದಲ್ಲಿ ಇಳಿಜಾರಿನ ಒಂದು ದ್ರಾಕ್ಷಿ ತೋಟ. ಆ ತೋಟದ ಹಣ್ಣಿನಿಂದಲೇ ಅವಳು ಒಂದು ಕೆಂಪು ವೈನ್ ಮಾಡುತ್ತಿದ್ದಳು — ಕಂಪನಿಯ ಅತಿ ದುಬಾರಿ ವೈನ್ ಅದಾಗಬೇಕಿತ್ತು. ‘ಬೇರೆ ತೋಟದ್ದು ಒಂದು ಗೊಂಚಲೂ ಸೇರಿಸಲ್ಲ. ಸೇರಿಸಿದ್ರೆ ರುಚಿ ಸರಿಮಾಡಬಹುದು, ಆದ್ರೆ ಈ ಮಣ್ಣು ಮಾತಾಡಲ್ಲ’ ಎಂದಳು. ಓಕ್ ಮರದ ಪೀಪಾಯಿಯಿಂದ ಗ್ಲಾಸಿಗೆ ಸ್ವಲ್ಪ ತೆಗೆದು, ಮೂಸಿ, ಬಾಯಿಗೆ ಹಾಕಿ ಅತ್ತಿತ್ತ ಮುಕ್ಕಳಿಸಿ — ಪಕ್ಕದ ಸ್ಟೀಲ್ ಬಕೆಟ್ಟಿಗೆ ಉಗುಳಿಬಿಟ್ಟಳು.

‘ನುಂಗಲ್ವೇನೇ?’

‘ನುಂಗ್ತಾ ಕೂತ್ರೆ ನಾಲಿಗೆ ಕೆಲಸ ಮಾಡುತ್ತಾ ಮಾರಾಯ್ತಿ? ಕುಡಿಯೋದು ನಂಗೆ ಹಿಡಿಸೋದೂ ಇಲ್ಲ’ ಎಂದು ನಕ್ಕಳು. ಅವಳ ಹಲ್ಲೆಲ್ಲ ನೇರಳೆ ಬಣ್ಣ. ಅಷ್ಟು ಸುಖವಾಗಿ ನಗುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನ್ನ ತಮ್ಮ ಮಹೇಶ ಅವಳನ್ನು ಕಾಲೇಜು ದಿನಗಳಿಂದಲೂ ಇಷ್ಟಪಡುತ್ತಿದ್ದ. ಅವಳಿಗೂ ಇಷ್ಟವಿತ್ತು. ಅಪ್ಪ ತೀರಿಕೊಂಡಿದ್ದರು, ಅಮ್ಮ ಜಾತಿಯ ಮಾತನ್ನೂ ಮೆಲ್ಲಗೆ ಬದಿಗಿಟ್ಟು, ‘ಒಳ್ಳೆ ಹುಡುಗಿ, ಕೈತುಂಬ ಸಂಬಳ’ ಎನ್ನತೊಡಗಿದ್ದಳು. ನನಗೆ ಬೇಡವೆಂದ ಮನೆಯೇ ಅವಳನ್ನು — ಅದೇ ಕೆಲಸದ ಸಮೇತ — ಒಳಗೆ ಕರೆಯಲು ಹೊರಟಿತ್ತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಆಗ ನನ್ನೊಳಗೆ ಇದ್ದದ್ದು ಇದು, ಅಷ್ಟೆ.

ಒಂದು ಭಾನುವಾರ ಅಡುಗೆಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದಳು, ‘ಅಲ್ವೇ, ವಸಂತಿ ಅದನ್ನ ಬಾಯಿಗೆ ಹಾಕ್ಕೊಳ್ತಾಳೇನೇ?’

ಬಾಗಿಲಲ್ಲಿ ಮಹೇಶ ನಿಂತಿದ್ದ. ಅವನು ನಿಂತದ್ದನ್ನು ನಾನು ನೋಡಿದ್ದೆ.

‘ಹಾಕ್ಕೊಳ್ತಾಳಮ್ಮ. ದಿನಾ’ ಎಂದೆ.

ಇನ್ನೊಂದು ಮಾತು — ಉಗುಳ್ತಾಳೆ — ನಾಲಿಗೆಯ ತುದಿಯಲ್ಲಿತ್ತು. ಅಮ್ಮನ ಕೈ ನಿಂತಿತು. ಮಹೇಶನ ಮುಖ ಬಿಳಿಚಿತು. ಹೇಳಲು ಬೇಕಾದಷ್ಟು ಹೊತ್ತಿತ್ತು. ನಾನು ಎದ್ದು ಹಾಲು ಕಾಯಿಸಲು ಇಟ್ಟೆ.

ತಾನು ಕುಡಿಯುವುದಿಲ್ಲವೆಂದು ವಸಂತಿ ಮಹೇಶನಿಗೆ ಮೊದಲೇ ಹೇಳಿದ್ದಳಂತೆ. ಅದು ನನಗೆ ಆಮೇಲೆ ತಿಳಿಯಿತು. ಅವನು ಜನ್ನಾಪುರಕ್ಕೆ ಹೋಗಿ ಅವಳ ಅಪ್ಪನ ಎದುರೇ, ‘ಕುಡಿದ್ರೆ ಕುಡೀಲಿ, ಸುಳ್ಳು ಹೇಳೋ ಹುಡುಗಿ ನಂಗೆ ಬೇಡ’ ಎಂದು ಬಂದ; ಮಾತು ಅಕ್ಕನಿಂದ ಬಂದದ್ದೆಂದು ಮಾತ್ರ ಹೇಳಲಿಲ್ಲ. ಆ ಹಿರಿಯರು ಮತ್ತೆ ಮಗಳ ಕೆಲಸದ ಸುದ್ದಿಯನ್ನು ಯಾರೆದುರೂ ಎತ್ತಲಿಲ್ಲವಂತೆ. ಎರಡು ವರ್ಷದಲ್ಲಿ ತೀರಿಹೋದರು. ಮಹೇಶ ಬೇರೆ ಮದುವೆಯಾದ. ವಸಂತಿ ಆಗಲಿಲ್ಲ.

ಈ ವರ್ಷ ಅವಳ ಆ ಕೆಂಪು ವೈನಿನ ಪರಿಚಯಕ್ಕೆಂದು ಶಿವಮೊಗ್ಗದ ಹೋಟೆಲೊಂದರಲ್ಲಿ ಕಾರ್ಯಕ್ರಮವಿತ್ತು. ನನ್ನನ್ನೂ ಕರೆದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಕೋಟು ಹಾಕಿದವರೆಲ್ಲ ಅವಳ ಮಾತಿಗೆ ಕಿವಿಗೊಟ್ಟು ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು, ‘ನಿನ್ನ ತಮ್ಮ ನನ್ನ ನಂಬ್ಲಿಲ್ಲ. ನಾನು ಉಗುಳೋದನ್ನ ನೀನು ಕಣ್ಣಾರೆ ನೋಡಿದ್ದೆಯಲ್ಲ, ನಂಗೆ ಅಷ್ಟೇ ಸಾಕಾಯ್ತು ಕಣೇ.’

ನಾನು ಅಂದೂ ಸುಮ್ಮನಿದ್ದೆ. ಎರಡನೆಯ ಸಲ — ಮೊದಲಿನದಕ್ಕಿಂತ ನೀಚವಾದ ಮೌನ ಅದು.

ಮರುದಿನ ಭದ್ರಾವತಿಯ ಬಸ್ಸು ಹತ್ತಿದೆ. ಅವಳು ತಾಯಿಯ ಮನೆಯಲ್ಲಿದ್ದಳು. ವರಾಂಡದಲ್ಲಿ ನಿಂತೇ ಎಲ್ಲ ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಇಲ್ಲ — ‘ಅಪ್ಪ ನನ್ನ ಒಂದೇ ಒಂದು ಸಲ ಕೇಳಿದ್ರು, ನಿಜ ಹೇಳಮ್ಮ ಅಂತ’ ಎಂದಳು. ‘ಹೇಳ್ದೆ. ನಂಬಿದ್ರೋ ಇಲ್ವೋ, ಗೊತ್ತಾಗ್ಲೇ ಇಲ್ಲ.’

ಅವಳು ಕ್ಷಮಿಸಿದೆ ಎನ್ನಲಿಲ್ಲ. ಗೇಟಿನ ಬಳಿ ಮಾತ್ರ, ‘ಮಹೇಶಂಗೆ ಹೇಳು’ ಎಂದಳು. ‘ನಂಗೇನೂ ಬೇಡ. ನಾನು ಸುಳ್ಳು ಹೇಳಿರ್ಲಿಲ್ಲ ಅನ್ನೋದು ಅವನಿಗೆ ಗೊತ್ತಿರ್ಲಿ.’

ಬಸ್ಸಿಳಿದು ನೇರ ಅವನ ಕನ್ನಡಕದ ಅಂಗಡಿಗೆ ಹೋದೆ. ಗಿರಾಕಿ ಹೊರಡುವವರೆಗೆ ಕಾದು, ಒಂದೂ ಬಿಡದೆ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಕೈಯಲ್ಲಿದ್ದ ಫ್ರೇಮನ್ನು ಗಾಜಿನ ಮೇಲಿಟ್ಟು, ತೀರ ಸಣ್ಣ ದನಿಯಲ್ಲಿ ಕೇಳಿದ:

‘ಹಾಗಾದ್ರೆ ಅಕ್ಕ... ನಾನು ಅವರಪ್ಪನ ಮುಂದೆ ಅಂದಿದ್ದು?’

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ, ಕೇಳಬೇಕಾದವರು ಈಗ ಇಲ್ಲ.