ಕರಿ ಮಷೀನಿನ ಜುಮ್ಮು

ಮೊದಲ ಸಲ ಬೆರಳು ಜುಮ್ಮೆಂದಾಗ ಸೂಗಮ್ಮ ತನಗೆ ಶುಗರ್ ಬಂತೆಂದೇ ತಿಳಿದಳು.

ಆಷಾಢದ ಮಳೆ ಹಿಡಿದಿತ್ತು. ಸಿಕಂದ್ರಾಬಾದಿನ ಅಂಚಿನ ಕುಷಾಯಿಗೂಡದ ಕೆಳಗಿನ ಮನೆಯಲ್ಲಿ ಶಹಾಬಾದಿ ಪರಸಿಗಲ್ಲಿನ ನೆಲ ಬೆಳಗಿನಿಂದ ಬೆವರುತ್ತಿತ್ತು. ಆಕೆ ಯಾರದೋ ರವಿಕೆಗೆ ತೋಳು ಕೂಡಿಸುತ್ತ ಕೂತಿದ್ದಳು. ಬಟ್ಟೆ ತಿರುಗಿಸಲೆಂದು ಎಡಗೈಯನ್ನು ಮಷೀನಿನ ಕರಿ ಮೈಗೆ ಆನಿಸಿದ್ದೇ ತಡ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಇರುವೆ ಹರಿದಂತಾಯಿತು. ಕೈ ತೆಗೆದಳು, ನಿಂತಿತು. ಮತ್ತೆ ಇಟ್ಟಳು, ಮತ್ತೆ ಹರಿಯಿತು. ಆಕೆಗೆ ನಲವತ್ತೇಳು. ಆಕೆಯ ಅವ್ವನಿಗೂ ಇದೇ ವಯಸ್ಸಿಗೆ ಶುಗರ್ ಬಂದು ಕೈಕಾಲು ಜೋಮು ಹಿಡಿಯುತ್ತಿದ್ದವು. ಇನ್ನೇನು ಬೇಕು? ಚಹಾಕ್ಕೆ ಸಕ್ಕರೆ ಬಿಟ್ಟಳು, ಅನ್ನ ಬಿಟ್ಟು ಎರಡು ಹೊತ್ತೂ ರೊಟ್ಟಿ ತಿಂದಳು. ವಾರದ ಮೇಲೆ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದಳು. ಶುಗರ್ ಇರಲಿಲ್ಲ. ಜುಮ್ಮು ಇತ್ತು.

ಮಷೀನಿನ ಮೇಲೆ ಅನುಮಾನ ಪಡುವುದು ಆಕೆಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಆಕೆ ಲಿಂಗಸುಗೂರಿನಿಂದ ಗಂಡನ ಮನೆಗೆ ಬರುವಾಗ ಟ್ರಂಕಿನ ಜೊತೆ ಬಂದದ್ದು ಅವ್ವನ ಕೈ ಮಷೀನು. ಒಂದು ಕೈಲಿ ಹಿಡಿಕೆ ತಿರುಗಿಸುತ್ತ, ಇನ್ನೊಂದು ಕೈಲಿ ಬಟ್ಟೆ ಹಿಡಿದು ಹೊಲಿಯಬೇಕು. ಮಗಳು ಸಪ್ನಾ ಶಾಲೆಗೆ ಸೇರುವವರೆಗೂ ಅದರ ಮೇಲೇ ಕೆಲಸ. ಮಷೀನು ಆರಿಸುವುದು ಹೇಗೆಂದು ಹೇಳಿಕೊಟ್ಟವಳೂ ಅವ್ವನೇ: ಬಣ್ಣ ನೋಡಬೇಡ, ಕಿವಿ ಇಟ್ಟು ಕೇಳು, ಚಕ್ರವನ್ನು ಒಂದೇ ಬೆರಳಲ್ಲಿ ತಿರುಗಿಸು, ದಾರ ಹಾಕದೆ ಕಾಗದದ ಮೇಲೆ ಓಡಿಸಿ, ಆ ಕಾಗದ ಬೆಳಕಿಗೆ ಹಿಡಿ.

ತಾರ್ನಾಕದಲ್ಲಿ ಸೀತಾರಾಮ ಎಂಬ ದರ್ಜಿ ಅಂಗಡಿ ಮುಚ್ಚುತ್ತಾನೆಂದು ಕೇಳಿ ಹೋದಾಗ ಆಕೆ ಹಾಗೇ ಮಾಡಿದಳು. ಅವನ ಕಾಲು ಮಷೀನಿಗೆ ಕಿವಿ ಹಚ್ಚಿದಳು, ಚಕ್ರ ತಿರುಗಿಸಿದಳು, ಗೋಡೆಯ ಕ್ಯಾಲೆಂಡರಿನ ಹಾಳೆ ಬೇಡಿ ಪಡೆದು ಸೂಜಿಯ ಕೆಳಗೆ ಓಡಿಸಿದಳು. ತೂತುಗಳು ಗೆರೆ ಎಳೆದಂತೆ ನೆಟ್ಟಗಿದ್ದವು. ಸೀತಾರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಂದಮ್ಮಾ, ಮಷೀನ್ ಕೊನಡಾನಿಕಿ ವಚ್ಚಿನವಾ, ಪಿಲ್ಲನಿ ಚೂಡಡಾನಿಕಿ ವಚ್ಚಿನವಾ?" ಮಷೀನು ಕೊಳ್ಳಲು ಬಂದೆಯೋ, ಹೆಣ್ಣು ನೋಡಲು ಬಂದೆಯೋ ಎಂದು. ಆಕೆಯೂ ನಕ್ಕಳು. ಆ ಕರಿ ಮಷೀನು ಮನೆಗೆ ಬಂತು. ಹದಿಮೂರು ವರ್ಷ ಒಂದು ದಿನವೂ ಕೈ ಕೊಡಲಿಲ್ಲ. ಕೈ ಕೊಟ್ಟದ್ದು ಸೂಗಮ್ಮನ ಮೊಣಕಾಲು.

ಇನ್ನು ಕಾಲಿನಿಂದ ತುಳಿಯಬಾರದೆಂದು ಡಾಕ್ಟರು ಹೇಳಿದ ಮೇಲೆ ಗಂಡ ಹೆಂಡತಿ ಸಿಕಂದ್ರಾಬಾದಿನ ಅಂಗಡಿಗೆ ಹೋದರು. ಅಲ್ಲಿ ಒಂದು ಬಿಳಿ ಮಷೀನು ಆಕೆಯ ಮನಸ್ಸಿಗೆ ಬಂತು. ಹಗುರ, ಮೋಟರು ಹೊಟ್ಟೆಯೊಳಗೇ. ಕಿವಿ ಇಟ್ಟಳು. ಬೆಕ್ಕು ಮಲಗಿದಂತೆ ಸದ್ದು. ಗಂಡ ಅಮರೇಶಪ್ಪ ಅದನ್ನು ಉಗುರಿನಿಂದ ಟಕಟಕ ಬಡಿದು ನೋಡಿದ.

"ಇದ್ಯಾ ಮಷೀನಾ? ಊಟದ ಡಬ್ಬಿ ಐತಿ. ಒಮ್ಮೆ ಬಿದ್ರ ಚೂರು ಆರಿಸಿಕೋತ ಕುಂದ್ರಬೇಕು. ನಮ್ದು ಹಂಗಲ್ಲ, ಕಬ್ಬಿಣ. ನಾ ಮೋಟರ್ ತರ್ತೀನಿ, ನಾನೇ ಕೂಡಸ್ತೀನಿ. ನಡಿ."

ಅಮರೇಶಪ್ಪ ಬಾಲಾನಗರದ ಒಂದು ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಫಿಟ್ಟರು. ಬಿಳಿ ಮಷೀನಿನ ತಂತಿಯ ತುದಿಯಲ್ಲಿ ಮೂರು ಕಡ್ಡಿಯ ಪ್ಲಗ್ ನೇತಾಡುತ್ತಿದ್ದುದನ್ನು ಸೂಗಮ್ಮ ನೋಡಿದ್ದಳು. ಗಂಡ ತಂದ ಹಳೆಯ ಮೋಟರಿಗೆ ಎರಡೇ ಕಡ್ಡಿ. ಕೇಳಿದ್ದಕ್ಕೆ, "ಮನ್ಯಾಗಿನ ಬೋರ್ಡಿಗೇ ಎರಡು ತೂತು ಅದಾವ, ಮೂರನೇದು ನಿನ್ನ ತವರುಮನಿಯಿಂದ ತರ್ತಿಯೇನ?" ಎಂದ. ಮೋಟರು ಕರಿ ಮಷೀನಿನ ಬೆನ್ನಿಗೆ ಕೂತಿತು. ಬಿಳಿ ಮಷೀನು ಅಂಗಡಿಯಲ್ಲೇ ಉಳಿಯಿತು.

ಜುಮ್ಮಿನ ಮೂಲ ಮೊದಲು ಕಂಡದ್ದು ಮೇಲಿನ ಮನೆಯ ಕಮಲಾಕ್ಷಿಗೆ. ಹಾಸನದ ಕಡೆಯವಳು, ಆಕೆಯ ಗಂಡ ಸುಬ್ಬರಾಯ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರ. ರವಿಕೆಯ ಅಳತೆ ಕೊಡಲು ಬಂದವಳು, ಪಾತ್ರೆ ತೊಳೆದ ಹಸಿ ಕೈಯನ್ನೇ ಮಷೀನಿನ ಮೇಲೆ ಊರಿದಳು. ಊರಿದವಳು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ಅಯ್ಯಮ್ಮಾ! ಸೂಗಮ್ಮ, ಶಾಕ್ ಹೊಡೀತಿದೆ ಕಣ್ರೀ ಇದು!"

"ಶಾಕ್ ಅಲ್ರಿ ಅಕ್ಕಾರ. ಜುಮ್ ಅಂತೈತಿ ಅಷ್ಟ. ನಾ ಶುಗರ್ ಅಂತ ತಿಳದಿದ್ದೆ."

"ನಿಮ್ ಶುಗರ್ ನನಗ್ಯಾಕ್ರೀ ಹೊಡೆಯತ್ತೆ? ಇವತ್ತು ಜುಮ್ ಅನ್ನತ್ತೆ, ನಾಳೆ ಹಿಡ್ಕೊಂಡು ಬಿಡಲ್ಲ. ನಮ್ಮನೆಯವ್ರನ್ನ ಕಳಿಸ್ತೀನಿ, ಹತ್ತು ನಿಮಿಷದ ಕೆಲಸ."

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮನಿಯವ್ರು ಕೈಯಾರೆ ಕೂಡ್ಸ್ಯಾರ. ಮತ್ತೊಬ್ರು ಬಂದು ತಪ್ಪು ತಗದ್ರ ಅವ್ರಿಗೆ ಹೆಂಗಾದೀತು?"

"ಹಾಗಾದ್ರೆ ಕಾಲಿಗೆ ರಬ್ಬರ್ ಚಪ್ಪಲಿನಾದ್ರೂ ಹಾಕ್ಕೊಂಡು ಕೂತ್ಕೊಳ್ಳಿ."

ಸೂಗಮ್ಮ ಗಲ್ಲ ಗಲ್ಲ ಬಡಿದುಕೊಂಡಳು. "ಲಕ್ಷ್ಮಿ ರೀ ಅಕಿ! ಲಕ್ಷ್ಮಿ ಮುಂದ ಚಪ್ಪಲಿ ಹಾಕ್ಕೊಂಡು ಕುಂದ್ರೂದಾ?"

ಕೊನೆಗೆ ಊಟಕ್ಕೆ ಕೂರುವ ಸಾಗುವಾನಿಯ ಮಣೆಯನ್ನು ಮಷೀನಿನ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕಾಲಿಟ್ಟು ಹೊಲಿಯತೊಡಗಿದಳು. ಜುಮ್ಮು ನಿಂತಿತು. ನಿಂತದ್ದೇ ಕೇಡಾಯಿತು. ಹೆದರಿಕೆಯನ್ನು ಕಾಲಡಿಗೆ ಹಾಕಿಕೊಂಡೆ ಎಂದು ತಿಳಿದಳು. ಅದು ಮಷೀನಿನ ಮೈಯಲ್ಲಿ ಹಾಗೇ ಕೂತಿತ್ತು.

ಗಂಡನಿಗೆ ಹೇಳಲಿಲ್ಲವೆಂದಲ್ಲ. ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿದಳು. "ವಯಸ್ಸಾತು, ಇನ್ನ ಎಲ್ಲಾನೂ ಜುಮ್ ಅಂತೈತಿ" ಎಂದು ನಕ್ಕುಬಿಟ್ಟ. ಇನ್ನೊಮ್ಮೆ, ಅವನು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಹೇಳಿದಳು. ದಪ್ಪ ಸಾಕ್ಸಿನ ಕಾಲಲ್ಲೇ ಒಳಗೆ ನಡೆದು, ಇಪ್ಪತ್ತೆಂಟು ವರ್ಷ ಕಬ್ಬಿಣ ತಿಕ್ಕಿ ದಡ್ಡುಗಟ್ಟಿದ ಒಣ ಕೈಯಿಂದ ಮಷೀನಿನ ಬೆನ್ನು ಸವರಿದ.

"ಎಲ್ಲೈತಿ? ತೋರ್ಸು. ಎಲ್ಲೈತಿ ನಿನ್ನ ಜುಮ್ಮು?"

"ನಿಮಗ ಹತ್ತವಲ್ದೇನೋ..."

"ನನಗ ಹತ್ತಂಗಿಲ್ಲ, ನಿನಗ ಹತ್ತತೈತಿ! ಕರೆಂಟಿಗೂ ಮಂದಿ ಗುರ್ತು ಸಿಗತೈತೇನ? ನನಗ ಕೆಲಸಾ ಕಲಸ್ತಾಳಂತ, ಬಾಯಿ ಸಾಹೇಬ್ರು!"

ಇಂಥ ಬಿಂಕಕ್ಕೆ ಬೆಂಕಿ ಬೀಳಲಿ. ಟೆಸ್ಟರು ಅವನ ಚೀಲದಲ್ಲೇ ಇತ್ತು. ತೆಗೆದು ಒಂದು ಸಲ ಮುಟ್ಟಿಸಿದ್ದರೆ ಮುಗಿಯುತ್ತಿತ್ತು. ತೆಗೆಯಲಿಲ್ಲ. ತೆಗೆದರೆ ಹೆಂಡತಿಯ ಮಾತು ಕೇಳಿದಂತಾಗುತ್ತದಲ್ಲ!

ಭಾದ್ರಪದದ ಒಂದು ಬೆಳಿಗ್ಗೆ ಸಪ್ನಾ ಕಿಟಾರನೆ ಕಿರುಚಿದಳು. ಡಿಗ್ರಿ ಓದುವ ಹುಡುಗಿ, ಸುಮ್ಮನೆ ಕಿರುಚುವವಳಲ್ಲ. ಸೂಗಮ್ಮ ಓಡಿಬಂದು ನೋಡಿದರೆ, ಮಷೀನಿನ ಮೇಲೆ ಒಂದು ಹಲ್ಲಿ. ಮುಂಗಾಲು ಮೋಟರಿನ ಕಬ್ಬಿಣದ ಮೇಲೆ, ಬಾಲ ಹಿಂದಿನ ಹಸಿ ಗೋಡೆಗೆ. ಬಾಯಿ ತೆರೆದಿತ್ತು, ಮೈ ಕಡ್ಡಿಯಾಗಿತ್ತು. ರಾತ್ರಿ ಸ್ವಿಚ್ ಆರಿಸಲು ಮರೆತಿದ್ದರು.

"ಯವ್ವಾ, ಇದು ಕರೆಂಟಿನಿಂದನ ಸತ್ತೈತಿ. ಅಪ್ಪಗ ಹೇಳೂಣು."

"ಬಾಯಿ ಮುಚ್ಚು. ದೃಷ್ಟಿ ಆಗೈತಿ. ಕೈತುಂಬ ಕೆಲಸ ಬರಾಕತ್ತಾವಲ್ಲ, ಯಾರದೋ ಕಣ್ಣು ಬಿದ್ದೈತಿ."

ಹಲ್ಲಿಯನ್ನು ಕಾಗದದಲ್ಲಿ ಎತ್ತಿ ಹೊರಗೆ ಎಸೆದಳು. ಮಷೀನಿನ ಕತ್ತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಬಾಯಲ್ಲಿ ದೃಷ್ಟಿ ಎಂದಳೇ ಹೊರತು ಎದೆಯೊಳಗೆ ಕಮಲಾಕ್ಷಿಯ ಮಾತು ಕೂತಿತ್ತು. ಅಂದಿನಿಂದ ಮಗಳನ್ನು ಮಷೀನಿನ ಹತ್ತಿರ ಬಿಡಲಿಲ್ಲ. ಹೊಲಿಯುವಾಗ ಮಣೆ ಇದೆಯೇ ಎಂದು ಕಾಲಿನಿಂದ ತಡವಿ ನೋಡಿಯೇ ಕೂರುತ್ತಿದ್ದಳು. ಗಂಡ ಆ ಕೋಣೆಗೆ ಬರುವುದೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅವನು ಆ ಮಷೀನನ್ನು ಬರಿಗಾಲಲ್ಲಿ, ಹಸಿ ಕೈಯಲ್ಲಿ ಮುಟ್ಟುವ ದಿನ ವರ್ಷಕ್ಕೆ ಒಂದೇ ಇತ್ತು. ಅದು ಬರುತ್ತಿತ್ತು.

ಖಂಡೆ ಪೂಜೆ, ಎಂದರೆ ಆಯುಧಪೂಜೆ. ಅಲ್ಲಿನವರ ಹೂವಿನ ಹಬ್ಬ ಬತುಕಮ್ಮ ಆಗಷ್ಟೇ ಮುಗಿದು ಕುಷಾಯಿಗೂಡದ ಬೀದಿ ತುಂಬ ತಂಗೇಡು ಹೂ, ಚೆಂಡು ಹೂ. ಮನೆಯಲ್ಲಿ ಸಪ್ನಾ ನೆಲ ಒರೆಸಿ ಮುಗಿಸಿದ್ದಳು. ಪರಸಿಯ ಮೇಲೆ ಇನ್ನೂ ನೀರು ಹೊಳೆಯುತ್ತಿತ್ತು. ಅಮರೇಶಪ್ಪನ ಸುತ್ತಿಗೆ, ಪಾನಾ, ಗರಗಸ ಎಲ್ಲ ಮಷೀನಿನ ಮುಂದೆ ಸಾಲಾಗಿ ಕೂತಿದ್ದವು. ಸ್ನಾನಕ್ಕೆ ಹೋಗುವ ಮೊದಲು ಅವನೇ ಬಗ್ಗಿ ಮಷೀನಿನ ಕೆಳಗಿನ ಮಣೆ ಎಳೆದುಕೊಂಡ.

"ಕಳಸ ಇಡಾಕ ಮಣಿ ಬೇಕಲ್ಲ, ಇಲ್ಯಾಕ ಬಿದ್ದೈತಿ? ನಾ ಬರೂದ್ರಾಗ ಮಷೀನಿನ ಲೈಟ್ ಹಚ್ಚಿಡು. ಪೂಜಿ ಹೊತ್ತಿನಾಗ ಮಷೀನ್ ಉಸಿರಾಡ್ತಿರಬೇಕು."

ಅದು ಬಾಲಾನಗರದ ಶೆಡ್ಡಿನ ಪದ್ಧತಿ. ಅಲ್ಲಿ ಪ್ರತಿವರ್ಷ ಲೇತುಗಳನ್ನು ಚಾಲೂ ಮಾಡಿ, ಅವು ಗುಂಯ್ ಎನ್ನುತ್ತಿರುವಾಗಲೇ ಒಂದೊಂದಕ್ಕೂ ಹಣೆಗೆ ಹಚ್ಚುವಂತೆ ಹಸಿ ಈಬತ್ತಿಯ ಮೂರು ಗೆರೆ ಎಳೆಯುತ್ತಿದ್ದರು. ಆ ಲೇತುಗಳಿಗೆ ಹೆಬ್ಬೆರಳು ದಪ್ಪದ ಮೂರನೇ ತಂತಿ ನೆಲದೊಳಗೆ ಇಳಿದಿತ್ತು. ಸೋರಿದ ಕರೆಂಟನ್ನು ಅದು ಮಣ್ಣಿಗೆ ಒಯ್ಯುತ್ತಿತ್ತು. ಇಲ್ಲಿ ಮಣ್ಣಿಗೆ ಇಳಿಯಲು ದಾರಿ ಒಂದೇ, ಮನುಷ್ಯನ ಮೈ.

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಸೂಗಮ್ಮ ಹಸಿ ನೆಲವನ್ನೇ ನೋಡುತ್ತ ನಿಂತಳು. ಆಮೇಲೆ ಪಡಸಾಲೆಗೆ ಹೋಗಿ, ಬೋರ್ಡಿನ ಮುಚ್ಚಳ ತೆರೆದು, ಆ ಕೋಣೆಯ ಫ್ಯೂಜಿನ ಬಿಳಿ ಪಿಂಗಾಣಿ ತುಂಡನ್ನು ಕಿತ್ತು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು.

ಅಮರೇಶಪ್ಪ ಒದ್ದೆ ಪಂಚೆಯಲ್ಲಿ ಬಂದ. ಹಿಮ್ಮಡಿಯಿಂದ ನೀರು ಇಳಿಯುತ್ತಿತ್ತು. ಸ್ವಿಚ್ ಒತ್ತಿದ. ಲೈಟ್ ಹತ್ತಲಿಲ್ಲ.

"ಕರೆಂಟ್ ಹೋತೇನ?"

"ಹೋಗಿರಬೇಕ್ರಿ. ಈ ವರ್ಷ ಹಂಗ ಪೂಜಿ ಮಾಡ್ರಿ."

ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ಕಮಲಾಕ್ಷಿಯ ಮಿಕ್ಸರು ಗರಗರ ಎಂದಿತು. ಅಮರೇಶಪ್ಪ ತಲೆ ಎತ್ತಿ ಚಾವಣಿ ನೋಡಿದ, ಹೆಂಡತಿಯನ್ನು ನೋಡಿದ, ನೆಟ್ಟಗೆ ಬೋರ್ಡಿಗೆ ಹೋದ.

"ಯಾರು ಕಿತ್ತಾರ ಇದನ್ನ?"

ಸೂಗಮ್ಮ ಸೆರಗಿನ ಗಂಟನ್ನು ಬೆನ್ನ ಹಿಂದೆ ಮರೆಮಾಡಿದಳು. ಅವನೇನು ಕಾಯುವವನೇ? ಅಡಿಗೆಮನೆಯ ಫ್ಯೂಜನ್ನು ಕಿತ್ತು ಆ ಜಾಗಕ್ಕೆ ಜಡಿದ. ಮಷೀನಿನ ಕತ್ತಿನಲ್ಲಿ ಹಳದಿ ಬಲ್ಬು ಹತ್ತಿತು.

ಬಟ್ಟಲಿನ ನೀರಿನಲ್ಲಿ ಮೂರು ಬೆರಳು ಅದ್ದಿದ. ಈಬತ್ತಿ ತಿಕ್ಕಿದ. ಬೆರಳಿನಿಂದ ಬಿಳಿ ನೀರು ತೊಟ್ಟಿಕ್ಕಿತು.

"ಹಚ್ಚಬ್ಯಾಡ್ರಿ" ಎಂದಳು ಸೂಗಮ್ಮ.

"ಏನಂದಿ?"

"ಹಚ್ಚಬ್ಯಾಡ್ರಿ. ಅದರಾಗ ಕರೆಂಟ್ ಐತಿ."

"ಹಬ್ಬದ ದಿನ ಹುಚ್ಚಾಟ ಹಚ್ಚೀದಿಯೇನ? ಸರಿ ಅತ್ತಾಗ!"

ಕೈ ಮುಂದೆ ಹೋಯಿತು. ಬೆರಳಿಗೂ ಕರಿ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಮದುವೆಯಾದಂದಿನಿಂದ ಗಂಡನ ಮುಂದೆ ದನಿ ಎತ್ತದ ಸೂಗಮ್ಮ ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು, ಇಡೀ ಮೈಭಾರ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ಹಸಿ ನೆಲದ ಮೇಲೆ ಜಾರಿದರು. ಈಬತ್ತಿಯ ಬಟ್ಟಲು ಉರುಳಿತು. ಅಮರೇಶಪ್ಪ ಎದ್ದವನೇ ಕೈ ಎತ್ತಿದ.

ಸಪ್ನಾ ನಡುವೆ ಬಂದು ನಿಂತಳು. "ಅಪ್ಪಾ, ಹೊಡಿಯೂದಿದ್ರ ಆಮ್ಯಾಲೆ ಹೊಡೀರಿ. ಮೊದಲ ಟೆಸ್ಟರ್ ಹಚ್ಚಿ ನೋಡ್ರಿ. ಅವ್ವ ಸುಳ್ಳು ಹೇಳಿದ್ರ ನನಗೂ ಸೇರಿಸಿ ಹೊಡೀರಿ."

ಹೆಂಡತಿಯ ಸುಳ್ಳು ಬಯಲಿಗೆ ಎಳೆಯಲೆಂದೇ ಅವನು ಚೀಲದಲ್ಲೇ ಉಳಿದಿದ್ದ ಟೆಸ್ಟರ್ ತೆಗೆದ. ಕೈ ಒರೆಸಿಕೊಂಡ. ಮಗಳು ಕಳಸ ಇನ್ನೂ ಕೂರದ ಮಣೆಯನ್ನು ಕಾಲ ಕೆಳಗೆ ತಳ್ಳಿದಳು. ಬೈಯುತ್ತಲೇ ಹತ್ತಿ ನಿಂತ. ಮಷೀನಿನ ಬೆನ್ನಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಕಣ್ಣು ತೆರೆಯಿತು. ಚಕ್ರಕ್ಕೆ ಮುಟ್ಟಿಸಿದ, ಕೆಂಪು. ಬಟ್ಟೆ ಒತ್ತುವ ಕಾಲಿಗೆ ಮುಟ್ಟಿಸಿದ, ಕೆಂಪು. ಸೂಜಿಗೆ ಮುಟ್ಟಿಸಿದ. ಸೂಗಮ್ಮ ದಿನವೂ ಬೆರಳಿನಿಂದ ದಾರ ಪೋಣಿಸುವ ಸೂಜಿಗೆ. ಅಲ್ಲೂ ಕೆಂಪು.

ಅಮರೇಶಪ್ಪ ಪ್ಲಗ್ ಕಿತ್ತ.

"ಯಾವಾಗಿಂದ?"

"ಆಷಾಢದಿಂದ."

"ಇದರ ಮುಂದನ ಕುಂತು ಹೊಲದಿ?"

"ಎರಡು ಸಲ ಹೇಳಿದ್ನೆಲ್ರಿ."

ಅಮರೇಶಪ್ಪನಿಗೆ ಮೋಟರು ಆಗಲೇ ಬಿಚ್ಚಿ ಎಸೆಯಬೇಕೆಂದು ಕೈ ತುರಿಸಿತು. ಆದರೆ ಪಾನಾ, ಸ್ಕ್ರೂಡ್ರೈವರು ಪೂಜೆಗೆ ಕೂತಿದ್ದವು, ಮರುದಿನ ಬನ್ನಿ ಕೊಡುವವರೆಗೆ ಅವನ್ನು ಮುಟ್ಟುವಂತಿಲ್ಲ. ಆ ದಿನವೆಲ್ಲ ಅವನು ಕೋಣೆಯ ಬಾಗಿಲಲ್ಲಿ ಕಾವಲುಗಾರನಂತೆ ಕೂತ. ಯಾರನ್ನೂ ಒಳಗೆ ಬಿಡಲಿಲ್ಲ. ಊಟವನ್ನೂ ಅಲ್ಲೇ ಮಾಡಿದ. ಮರುದಿನ ಬನ್ನಿ ಕೊಟ್ಟು ಬಂದವನೇ ಮೋಟರು ಬಿಚ್ಚಿ, ಬೀದಿಗೆ ಒಯ್ದು, ಗುಜರಿಯವನು ಮತ್ತೊಬ್ಬರ ಮನೆಗೆ ಮಾರದಂತೆ ಸುತ್ತಿಗೆಯಿಂದ ಜಜ್ಜಿ ಜಜ್ಜಿ ಚಪ್ಪಟೆ ಮಾಡಿದ. ಆಮೇಲೆ ತಾನೇ ಮೆಟ್ಟಿಲು ಹತ್ತಿ ಹೋಗಿ ಸುಬ್ಬರಾಯನ ಬಾಗಿಲು ಬಡಿದ. "ನಮ್ಮ ಮನಿಗೆ ಅರ್ಥಿಂಗ್ ಮಾಡಿಸಬೇಕ್ರಿ ಸರ್. ನನಗ ತಿಳಿಯಂಗಿಲ್ಲ" ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಸೂಗಮ್ಮ ಕೆಳಗಿನಿಂದ ಕೇಳಿಸಿಕೊಂಡಳು.

ದೀಪಾವಳಿಗೆ ಮೊದಲು ಬಿಳಿ ಮಷೀನು ಬಂತು. ಈ ಸಲ ಆರಿಸಿದ್ದು ಸೂಗಮ್ಮನೇ. ಗಂಡ ಅಂಗಡಿಯ ಹೊರಗೆ ನಿಂತಿದ್ದ. ಕಿವಿ ಇಟ್ಟಳು, ಚಕ್ರ ತಿರುಗಿಸಿದಳು, ಕಾಗದ ಓಡಿಸಿದಳು. ಇವೆಲ್ಲಕ್ಕೂ ಮೊದಲು ತಂತಿಯ ತುದಿ ಎತ್ತಿ ಹಿಡಿದು ಕಡ್ಡಿ ಎಣಿಸಿದಳು. ಒಂದು ಜೊತೆ ಹೊಸ ರಬ್ಬರ್ ಚಪ್ಪಲಿಯನ್ನೂ ಕೊಂಡಳು. ಅವು ಹೊಸ್ತಿಲು ದಾಟುವುದಿಲ್ಲ, ಬೀದಿಯ ಧೂಳು ಕಂಡಿಲ್ಲ. ಲಕ್ಷ್ಮಿ ಅಷ್ಟು ಒಪ್ಪಿಕೊಳ್ಳುತ್ತಾಳೆ ಎಂದು ಆಕೆಯ ನಂಬಿಕೆ.

ಕರಿ ಮಷೀನು ಮೂಲೆಯಲ್ಲಿದೆ. ಅದಕ್ಕೀಗ ಮೋಟರಿಲ್ಲ, ತಂತಿಯಿಲ್ಲ, ಬಲ್ಬಿಲ್ಲ. ಬರೀ ಕಬ್ಬಿಣ. ಆದರೂ ಸೂಗಮ್ಮ ಅದನ್ನು ಮೊದಲು ಬೆರಳಿನ ಬೆನ್ನಿನಿಂದ ಮುಟ್ಟಿ ನೋಡುತ್ತಾಳೆ. ನಲ್ಲಿ, ಫ್ರಿಜ್ಜು, ಗೇಟು, ಬಸ್ಸಿನ ಕಂಬಿ, ಈಗ ಎಲ್ಲವನ್ನೂ ಹಾಗೇ ಮುಟ್ಟುತ್ತಾಳೆ. ಮಳೆ ಹಿಡಿದ ದಿನ, ಪರಸಿ ಬೆವರತೊಡಗಿದಾಗ, ಮಣೆಯ ಮೇಲೆ ನಿಂತೇ ಆ ಮಷೀನಿನ ಧೂಳು ಒರೆಸುತ್ತಾಳೆ.