ಗುರುತಿನ ಮಗ್ಗುಲು

ನಿನ್ನೆ ಗಿಡಗಳಿಗೆ ಗೊಬ್ಬರ ತಂದುಕೊಟ್ಟವನು ಖಾಲಿ ಗೋಣಿಚೀಲವೊಂದನ್ನು ಜಗುಲಿಯ ಮೇಲೆ ಬಿಟ್ಟು ಹೋಗಿದ್ದ. ಬೆಳಿಗ್ಗೆ ನೋಡಿದರೆ ಇಬ್ಬನಿಗೆ ನೆಂದಿತ್ತು. ನೆಂದ ಗೋಣಿಗೆ ಒಂದು ವಾಸನೆ ಇದೆಯಲ್ಲ, ನಿಮಗೂ ಗೊತ್ತಿರಬೇಕು. ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ಎಣ್ಣೆ, ಇನ್ನು ಸ್ವಲ್ಪ ಏನೆಂದು ಹೇಳಲಾಗದ್ದು. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಅದನ್ನು ಹಿತ್ತಿಲಿಗೆ ಎಸೆಯಲು ಹೊರಟಳು. ನಾನು ಕಸಿದುಕೊಂಡು ಮುಖಕ್ಕೆ ಒತ್ತಿಕೊಂಡೆ. ‘ಸರಿ, ಇದೊಂದು ಬಾಕಿ ಇತ್ತು’ ಎಂದು ಅವಳು ಒಳಗೆ ಹೋದಳು.

ಆ ಹೊತ್ತಿಗೆ ಮೇಜಿನ ಮೇಲೆ ನಾನು ಉತ್ತರ ಬರೆಯದೆ ಇಟ್ಟಿದ್ದ ಕಾಗದವೊಂದಿತ್ತು. ಬಹಳ ವರ್ಷ ನಾನು ಪುಸ್ತಕಗಳ ಮುಖಪುಟಕ್ಕೆ ಅಕ್ಷರ ಬರೆದವನು. ಆ ಅಕ್ಷರಗಳನ್ನು ಈಗ ಒಬ್ಬಳು ಜಾಣ ಹುಡುಗಿ ಕಂಪ್ಯೂಟರಿಗೆ ಇಳಿಸಿದ್ದಾಳೆ. ಎಲ್ಲ ಮುಗಿದಿದೆ, ಅಕ್ಷರಮಾಲೆಗೆ ಒಂದು ಹೆಸರು ಮಾತ್ರ ಬೇಕು. ‘ನಿಮ್ಮ ಹೆಸರನ್ನೇ ಇಡೋಣವೇ ಸರ್?’ ಎಂದು ಆ ಕಾಗದದಲ್ಲಿ ಕೇಳಿದ್ದಳು. ನನಗೆ ಪೂರ್ಣ ಒಪ್ಪಿಗೆಯೇ ಇತ್ತು. ತಕ್ಷಣ ಹೂಂ ಅಂದರೆ ಚೆನ್ನಾಗಿರುವುದಿಲ್ಲವೆಂದು ನಾಲ್ಕು ದಿನ ಸಂಕೋಚ ನಟಿಸುತ್ತಿದ್ದೆ, ಅಷ್ಟೆ. ಗೋಣಿಯ ವಾಸನೆ ಬಂದು ಆ ನಾಟಕವನ್ನು ಕೆಡಿಸಿತು.

ಈಗಿನ ಕುಶಾಲನಗರಕ್ಕೆ ಆಗ ಫ್ರೇಜರ್‌ಪೇಟೆ ಎಂಬ ಹೆಸರು. ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ ಅದು. ಕಾವೇರಿಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ನಡುವೆ ಒಂದು ಗೇಟು. ಗಾಡಿ, ಲಾರಿ, ಬಸ್ಸು ಎಲ್ಲವೂ ಅಲ್ಲಿ ನಿಂತು ತಪಾಸಣೆ ಮಾಡಿಸಿಕೊಂಡೇ ಮುಂದೆ ಹೋಗಬೇಕು. ನಮ್ಮ ಅಪ್ಪ ಅರಕಲಗೂಡು ಕಡೆಯಿಂದ ಬಂದು ಆ ಪೇಟೆಯ ಹತ್ತಿರ ಗದ್ದೆ ಮಾಡಿಕೊಂಡಿದ್ದವರು. ನಮ್ಮ ಮನೆಯಲ್ಲಿ ಸಹಿ ಹಾಕಲು ಬರುತ್ತಿದ್ದವನು ನಾನೊಬ್ಬನೇ. ಮಡಿಕೇರಿಯಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ಬಿ.ಎ. ಓದಲು ಮೈಸೂರಿಗೆ ಹೋಗಬೇಕು, ಅಲ್ಲಿ ತಲೆ ಇಡಲು ಒಂದು ಮೂಲೆಯೂ ಇಲ್ಲ. ಆ ಬೇಸಗೆ ಕಳೆಯುವುದರೊಳಗೆ ದಾರಿಯೊಂದು ಸಿಗದಿದ್ದರೆ ಓದು ಅಲ್ಲಿಗೆ ಮುಗಿಯುವುದೆಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನಾವಿಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅಲ್ಲಿಯವರೆಗೆ ಕಾಫಿ ಗೋದಾಮಿನಲ್ಲಿ ಮೂಟೆಗಳಿಗೆ ಗುರುತು ಹಾಕುವ ಕೆಲಸ ಹಿಡಿದೆ. ತೋಟಗಳಿಂದ ಬಂದ ಕಾಫಿ ನಮ್ಮಲ್ಲಿ ಮೂಟೆಯಾಗಿ ಹುಣಸೂರಿಗೆ ಹೋಗುತ್ತಿತ್ತು. ತಗಡಿನಲ್ಲಿ ಎಸ್ಟೇಟಿನ ಹೆಸರನ್ನು ಅಕ್ಷರವಾಗಿ ಕೊರೆದು, ಮೂಟೆಯ ಮೇಲಿಟ್ಟು, ದೀಪದ ಮಸಿ ಕಲಸಿದ ಎಣ್ಣೆಯನ್ನು ಬ್ರಶ್ಶಿನಿಂದ ಕುಟ್ಟುವುದು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ಯಾವ ಕಾಲದಲ್ಲೋ ಯಾರೋ ಕೊರೆದಿಟ್ಟ ತಗಡುಗಳು. ಕತ್ತೆಯೂ ಮಾಡಬಹುದಾದ ಕೆಲಸ.

ಆ ವರ್ಷ ಶನಿವಾರಸಂತೆ ಕಡೆಯ ಸಾಹುಕಾರರೊಬ್ಬರು ಇಂಗ್ಲಿಷ್ ದೊರೆಯೊಬ್ಬನ ತೋಟ ಕೊಂಡು ಅದಕ್ಕೆ ತಾಯಿಯ ಹೆಸರಿಟ್ಟರು. ವೀರಮ್ಮ ಎಸ್ಟೇಟ್. ಹೆಸರು ಕನ್ನಡದಲ್ಲೇ ಬರಬೇಕು ಎಂದು ಅಪ್ಪಣೆಯಾಯಿತು. ಗೋದಾಮಿನ ಲೆಕ್ಕ ನೋಡುವ ರೈಟರ್ ಚಂಗಪ್ಪನವರು ನನ್ನ ಕಡೆ ನೋಡಿದರು. ನಾನು ಇಂಟರ್‌ಮೀಡಿಯೆಟ್ ಅಲ್ಲವೇ? ಸೀಮೆಎಣ್ಣೆ ಡಬ್ಬದ ತಗಡು ಬಿಚ್ಚಿ, ಉಳಿ ಹಿಡಿದು ಒಂದೇ ಮಧ್ಯಾಹ್ನ ಕೊರೆದುಬಿಟ್ಟೆ. ಕೊರೆಯುವಾಗ ಟಿಣ್ ಟಿಣ್ ಎಂದು ಏನೋ ನೆಲಕ್ಕೆ ಬೀಳುತ್ತಿತ್ತು, ನಾನು ಗಮನ ಕೊಡಲಿಲ್ಲ. ತಗಡನ್ನು ಮೂಟೆಯ ಮೇಲಿಟ್ಟು ಮಸಿ ಕುಟ್ಟಿ ಎತ್ತಿದೆ.

ಅಕ್ಷರವೇ ಇಲ್ಲ, ಬರೀ ಕಪ್ಪು ಉಂಡೆಗಳು! ನಮ್ಮ ಕನ್ನಡದ ಅಕ್ಷರಗಳು ದುಂಡಗಿನವು. ರ ಕೊರೆದರೆ ಅದರ ಹೊಟ್ಟೆಯ ತಗಡಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕಳಚಿ ಬೀಳುತ್ತದೆ. ನೆಲಕ್ಕೆ ಬೀಳುತ್ತಿದ್ದುದು ನನ್ನ ಅಕ್ಷರಗಳ ಹೊಟ್ಟೆಗಳೇ.

ಚಂಗಪ್ಪನವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಇದೆಂತ ಮಾರಾಯ? ಸಾಹುಕಾರರ ತಾಯಿ ಹೆಸರು ಬರಿ ಅಂದ್ರೆ ಬೆರಣಿ ತಟ್ಟಿದ್ದೀಯಲ್ಲ!’

ಗೋದಾಮು ಇಡೀ ನಕ್ಕಿತು. ಮೂಟೆ ಹೊರುವ ಮೊಯ್ದು ಕಾಕ ಒಬ್ಬರು ನಗಲಿಲ್ಲ. ಅವರು ಮಲಬಾರಿನ ಕಡೆಯಿಂದ ಬಂದವರು, ನನಗಿಂತ ಹತ್ತು ವರ್ಷ ದೊಡ್ಡವರು. ನೆಲದಲ್ಲಿ ಬಿದ್ದಿದ್ದ ತಗಡಿನ ಚೂರುಗಳನ್ನು ಆರಿಸಿ ನನ್ನ ಕೈಯಲ್ಲಿಟ್ಟು, ‘ಇದು ಬೀಳದ ಹಾಗೆ ಮಾಡು ಮೋನೇ, ಆಗ್ತದೆ’ ಎಂದರು. ಅವರ ಮಲೆಯಾಳದಲ್ಲಿ ಮೋನೇ ಎಂದರೆ ಮಗನೇ.

ಆಗಲಿಲ್ಲ, ಅಷ್ಟು ಸುಲಭಕ್ಕೆ. ಹೊಟ್ಟೆ ಬೀಳಬಾರದೆಂದರೆ ಕೊರೆಯುವಾಗ ಅಲ್ಲಲ್ಲಿ ಸಣ್ಣ ಕೊಂಡಿ ಬಿಡಬೇಕು. ಕಂಡಲ್ಲಿ ಬಿಟ್ಟರೆ ಅಕ್ಷರ ಕೈಕಾಲು ಮುರಿದವರ ಹಾಗೆ ಕಾಣುತ್ತದೆ. ಬೆಳಿಗ್ಗೆ ಗೋದಾಮು ತೆರೆಯುವ ಮುಂಚೆ ಹೋಗಿ ಕೊರೆದೆ, ಎಸೆದೆ, ಮತ್ತೆ ಕೊರೆದೆ. ಬೆರಳುಗಳ ಗಾಯ ಮಾಯುವುದಕ್ಕೆ ಬಿಡುವೇ ಕೊಡಲಿಲ್ಲ. ಒಂದು ಭಾನುವಾರ ಗದ್ದೆಯ ಬದುವಿನ ಮೇಲೆ ಕೂತು ಕಡ್ಡಿಯಲ್ಲಿ ಮಣ್ಣು ಗೀಚುತ್ತಿದ್ದೆ. ಅಪ್ಪ ಗುದ್ದಲಿ ಹಿಡಿದು ನೀರು ಬಿಡಲು ಬದು ಕಡಿಯುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ, ನಿಂತು, ನೋಡಿ, ಆಮೇಲೆ ಒಂದೇ ಕಡೆ ಕಡಿದರು.

‘ಇಲ್ಲೇ ಯಾಕಪ್ಪ?’ ಎಂದೆ.

‘ಎಲ್ಲಂದ್ರಲ್ಲಿ ಕಡುದ್ರೆ ಬದ ನಿಲ್ಲಾಕಿಲ್ಲ ಕಣ್ಲಾ. ನೀರು ತಿರುಗೋ ತಾವ ಕಡೀಬೇಕು. ಇಷ್ಟು ಓದಿದೀಯ, ಇದು ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಮರುದಿನ ಪೆನ್ನು ಹಿಡಿದು ನಿಧಾನವಾಗಿ ಒಂದು ರ ಬರೆದೆ. ಕೈ ತಿರುಗುವ ಜಾಗದಲ್ಲಿ ಗೆರೆ ತಾನಾಗಿ ತೆಳುವಾಗುತ್ತದೆ. ಕೊಂಡಿ ಬಿಟ್ಟಿದ್ದು ಅಲ್ಲೇ. ಮಸಿ ಕುಟ್ಟಿ ತಗಡು ಎತ್ತಿದಾಗ ಆ ಗೋಣಿಯ ಮೇಲೆ ಕೂತಿದ್ದ ಅಕ್ಷರ ಮುರಿದದ್ದಾಗಿ ಕಾಣಲಿಲ್ಲ, ಉಸಿರು ತೆಗೆದುಕೊಳ್ಳುತ್ತಿರುವ ಹಾಗೆ ಕಂಡಿತು. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಯಾರೂ ಕೇಳದಿದ್ದರೂ ಅಕ್ಷರಮಾಲೆ ಪೂರ್ತಿ ಕೊರೆದೆ. ಕಾಫಿ ಮೂಟೆಗೆ ಎಂದೆಂದಿಗೂ ಬೇಕಾಗದ ಞ ಕೂಡ. ಎಲ್ಲವನ್ನೂ ಒಂದು ಕಿತ್ತಳೆ ಬುಟ್ಟಿಯಲ್ಲಿ ತುಂಬಿಟ್ಟೆ. ‘ಇವನಿಗೆ ಮರುಳು’ ಎಂದರು ಚಂಗಪ್ಪನವರು. ಹಾಗೆಂದವರೇ ಅಪ್ಪನನ್ನು ಕರೆಸಿ, ಮಳೆಗಾಲದಿಂದ ಹುಡುಗನನ್ನು ಖಾಯಂ ಮಾಡಿಕೊಳ್ಳುತ್ತೇನೆ ಎಂದೂ ಹೇಳಿದರು. ಅಪ್ಪ ಕೈಮುಗಿದರು. ಬೇಡ ಎನ್ನಬೇಕೆಂದಿದ್ದ ನಾನು ಆ ಕೈಗಳನ್ನು ನೋಡಿ ತಲೆಯಾಡಿಸಿದೆ.

ಮೇ ತಿಂಗಳ ಒಂದು ದಿನ, ಮಡಿಕೇರಿಯಿಂದ ಮೈಸೂರಿಗೆ ಹೊರಟಿದ್ದ ಬಸ್ಸಿನ ಟಯರು ಗೇಟಿನ ಹತ್ತಿರ ಪಂಕ್ಚರಾಯಿತು. ಅದರಲ್ಲಿದ್ದ ಒಬ್ಬ ಯಜಮಾನರು ಕೆಳಗಿಳಿದು ನೆರಳಿನಲ್ಲಿ ನಿಂತರು. ಅವರ ಮುಂದೆಯೇ ತಪಾಸಣೆಗೆ ನಿಂತಿದ್ದದ್ದು ನಮ್ಮ ಗೋದಾಮಿನ ಎತ್ತಿನಗಾಡಿ. ಅವರಿಗೆ ಮೈಸೂರಿನಲ್ಲಿ ಪ್ರೆಸ್ಸು ಇತ್ತು. ಅರ್ಧ ಗಂಟೆಯಲ್ಲಿ, ಗಾಡಿಯ ಜೊತೆಗಿದ್ದ ಮೊಯ್ದು ಕಾಕ ಅವರನ್ನು ಗೋದಾಮಿಗೇ ಕರೆತಂದರು.

‘ಆ ವೀರಮ್ಮನನ್ನು ಬರೆದವರು ಯಾರಪ್ಪ?’

ನಾನು ಮಸಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮುಂದೆ ಬಂದೆ.

‘ಬೇರೆ ಅಕ್ಷರ ಬರುತ್ತದೆಯೇ?’

ಕಿತ್ತಳೆ ಬುಟ್ಟಿ ತಂದು ಅವರ ಕಾಲ ಬಳಿ ಬೋರಲು ಹಾಕಿದೆ. ಅ ದಿಂದ ಳ ವರೆಗೆ ಕನ್ನಡವೇ ನೆಲದ ಮೇಲೆ ಗಲಗಲ ಸುರಿಯಿತು. ಅವರು ಆ ಧೂಳಿನಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಬಸ್ಸಿನ ಹಾರ್ನು ಎರಡು ಸಲ ಕೂಗಿತು. ‘ಪ್ರೆಸ್ಸಿನ ಹಿಂದೆ ಒಂದು ಕೋಣೆ ಇದೆ. ಬೆಳಿಗ್ಗೆ ಕಾಲೇಜಿಗೆ ಹೋಗು, ಸಾಯಂಕಾಲ ನನಗೆ ಅಕ್ಷರ ಬರಿ. ಊಟ ನಮ್ಮ ಮನೆಯಲ್ಲಿ. ಜೂನಿಗೆ ಬರುತ್ತೀಯಾ?’ ಎಂದರು. ನನಗಿಂತ ಮುಂಚೆ ಮೊಯ್ದು ಕಾಕ ಹೇಳಿದರು: ‘ಬರ್ತಾನೆ.’

ಬಿ.ಎ. ಆಯಿತು. ನಮ್ಮ ವಂಶದಲ್ಲಿ ಮೊದಲನೆಯದು. ಟ್ರಂಕಿನ ಮೇಲೆ, ಕೊಡೆಯ ಮೇಲೆ, ಅಪ್ಪನ ಗುದ್ದಲಿಯ ಹಿಡಿಯ ಮೇಲೂ ನನ್ನ ಹೆಸರು ಮತ್ತು ಬಿ.ಎ. ಎಂದು ತಗಡಿಟ್ಟು ಕುಟ್ಟಿದೆ. ಹೆಣ್ಣು ನೋಡಲು ಹೋದಾಗ ಕೊಡೆಯನ್ನು ಅಕ್ಷರ ಕಾಣುವಂತೆ ಒರಗಿಸಿಟ್ಟಿದ್ದೆನಂತೆ. ಇದನ್ನು ನನ್ನ ಹೆಂಡತಿ ಈಗಲೂ ನೆಂಟರಿಗೆಲ್ಲ ಹೇಳುತ್ತಾಳೆ. ಆಮೇಲೆ ಪುಸ್ತಕಗಳು ಬಂದವು, ಪತ್ರಿಕೆಗಳು ಬಂದವು. ಮಧ್ಯದಲ್ಲಿ ಉಸಿರು ಬಿಟ್ಟ ಆ ಅಕ್ಷರಗಳನ್ನು ಊರೂರಿನ ಅಂಗಡಿ ಬೋರ್ಡುಗಳು ನಕಲು ಮಾಡಿದವು. ‘ನಿನ್ನ ಅದೃಷ್ಟ ಕಣಯ್ಯಾ, ಆ ಟಯರು!’ ಎಂದು ಯಾರಾದರೂ ಅಂದರೆ ಮಾತ್ರ ನನಗೆ ಮೈಯುರಿ. ಕುಯ್ದುಕೊಂಡ ಬೆರಳು ನನ್ನದು, ಹೊಗಳಿಕೆ ಟಯರಿಗೋ?

ಕೆಲವು ವರ್ಷಗಳ ಹಿಂದೆ ಕುಶಾಲನಗರದವರು ಕರೆದು ಹಾರ ಹಾಕಿದರು. ನಾನು ಭಾಷಣ ಬಿಗಿದೆ. ‘ಅದೃಷ್ಟ ಎಂಬ ಮಾತನ್ನು ನನ್ನ ಮುಂದೆ ಎತ್ತಬೇಡಿ, ಈ ಕೈಗಳನ್ನು ನೋಡಿ’ ಎಂದು ಎರಡೂ ಕೈ ಎತ್ತಿ ತೋರಿಸಿದೆ. ಚಪ್ಪಾಳೆ ಜೋರಾಗಿ ಬಿತ್ತು. ಇಳಿದು ಬಂದಾಗ ಕೋಲೂರಿಕೊಂಡು ಒಬ್ಬ ಮುದುಕರು ಎದುರಾದರು. ಮೊಯ್ದು ಕಾಕ!

‘ಭಾಷಣ ಚಂದ ಆಯ್ತು ಮೋನೇ. ಒಂದು ಬಿಟ್ಟುಹೋಯ್ತು.’

‘ಏನು ಕಾಕ?’

‘ಮೂಟೆಯ ಗುರುತು ಯಾವ ಮಗ್ಗುಲಿಗೆ ಇಡುದು?’

‘ಒಳಮಗ್ಗುಲಿಗೆ.’ ಗೋದಾಮಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪಾಠ ಅದು. ಗುರುತು ಹೊರಗಿದ್ದರೆ ಹಗ್ಗ ಉಜ್ಜಿ, ಧೂಳು ಕೂತು ಅಳಿಸಿಹೋಗುತ್ತದೆ. ಹೇಳಿ ಮುಗಿಸುವುದರೊಳಗೆ ನಾನು ತಡವರಿಸಿದೆ. ‘ಹಾಗಾದರೆ ಅವತ್ತು ಗೇಟಿನಲ್ಲಿ...’

‘ಅವತ್ತು ಮಾತ್ರ ಅಲ್ಲ. ವೀರಮ್ಮನ ಮೂಟೆ ಎಲ್ಲ ಹೊರಗೆ ತಿರುಗಿಸಿಯೇ ಇಡ್ತಿದ್ದೆ. ಪ್ರತಿ ಗಾಡಿಗೆ. ಹಗ್ಗದ ಅಡಿಗೆ ಚಾಪೆ ತುಂಡು ಕೊಟ್ಟು. ಚಂಗಪ್ಪ ರೈಟರು ಎಷ್ಟು ಬೈದ್ರು ಅಂತ ನಿಂಗೆ ಗೊತ್ತುಂಟಾ? ಗುರುತು ಅಳಿಸಿದ್ರೆ ನಿನ್ನ ಅಪ್ಪನ ಮೂಟೆ ಅಂತ ಹೇಳ್ಬೇಕಾ ಅಂತ!’

‘ಯಾಕೆ ಕಾಕ? ನಿಮಗೆ ಕನ್ನಡ ಓದಲು...’

‘ಓದ್ಲಿಕ್ಕೆ ಬರುದಿಲ್ಲ. ಚಂದ ಗೊತ್ತಾಗ್ಲಿಕ್ಕೆ ಓದ್ಬೇಕಾ? ಅಷ್ಟು ಚಂದ ಬರ್ದು ಒಳಗೆ ಮಾಡಿ ಇಟ್ರೆ ಯಾರು ನೋಡುದು? ಒಂದು ದಿನ ಒಬ್ಬ ನೋಡ್ತಾನೆ ಅಂತ ನಂಗೆ ಇತ್ತು.’ ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ‘ಟಯರ್ ಮಾತ್ರ ನಾನು ಪಂಚರ್ ಮಾಡಿದ್ದಲ್ಲ.’

ಓದುಗ ಮಹಾಶಯರೇ, ಟಯರನ್ನು ನಾನು ಈಗ ಬಿಟ್ಟುಕೊಡುತ್ತೇನೆ. ಅದು ಅದೃಷ್ಟವೇ ಇರಲಿ, ಜಗಳವಿಲ್ಲ. ಬೆರಳು ಕುಯ್ದುಕೊಂಡದ್ದು ನಾನೇ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಬುಟ್ಟಿಗೂ ಆ ಟಯರಿಗೂ ನಡುವೆ ಒಬ್ಬ ಮನುಷ್ಯ ಒಂದು ಬೇಸಗೆ ಪೂರ್ತಿ, ಬೈಗುಳ ತಿನ್ನುತ್ತ, ಮೂಟೆ ತಿರುಗಿಸಿಡುತ್ತಿದ್ದ. ನಾನು ಅದನ್ನು ಹಾರ ಹಾಕಿಸಿಕೊಂಡ ದಿನ ಕೇಳಿ, ಹೌದೌದು ಎಂದು ತಲೆಯಾಡಿಸಿ, ಬಸ್ಸು ಹತ್ತಿ ಬಂದುಬಿಟ್ಟಿದ್ದೆ. ಇಷ್ಟು ಸುಲಭಕ್ಕೆ ಮರೆಯುವುದನ್ನು ಯಾವ ಕಾಲೇಜಿನಲ್ಲಿ ಕಲಿತೆನೋ!

ಗೋಣಿಯನ್ನು ಬಿಸಿಲಿಗೆ ಹರವಿ ಒಳಗೆ ಬಂದೆ. ಕುಶಾಲನಗರಕ್ಕೆ ಫೋನು ಮಾಡಿದಾಗ ಮೊಯ್ದು ಕಾಕನ ಮೊಮ್ಮಗಳು ಎತ್ತಿ ಅಜ್ಜನ ಕಿವಿಗೆ ಹಿಡಿದಳು.

‘ಕಾಕ, ನನ್ನ ಅಕ್ಷರಗಳೆಲ್ಲ ಕಂಪ್ಯೂಟರಿಗೆ ಬರುತ್ತಿವೆ. ಇನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಅದಕ್ಕೆ ಒಂದು ಹೆಸರು ಬೇಕಂತೆ. ಮೊಯ್ದು ಅಂತ ಇಡುತ್ತಿದ್ದೇನೆ.’

ಆ ಕಡೆಯಿಂದ ಆ ಹಳೆಯ ಸ್ವರ, ಮೂಟೆ ಇಳಿಸಿ ನಿಂತವರದು, ಬಂತು.

‘ಇಡು ಮೋನೇ. ಗುರುತಿನ ಮಗ್ಗುಲು ಹೊರಗೆ ಇರ್ಲಿ.’