ಜಯಮ್ಮ ಮೇಡಂ ತುಳಿದ ಕಾಲು

ಜಯಮ್ಮ ಮೇಡಂ ಬಾಯಿ ತೆರೆದರೆ ಮೇಲಿನ ಸಾಲಿನಲ್ಲಿ ಎರಡು ಹಲ್ಲು ಇರಲಿಲ್ಲ. ಕಾರ್ಖಾನೆಯೊಂದರ ಕಬಡ್ಡಿ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿ ಎದುರಾಳಿಯ ಮಂಡಿ ಬಡಿದು ಉದುರಿಹೋಗಿದ್ದವು. ಕಟ್ಟಿಸಿಕೊಳ್ಳಿ ಅಂದರೆ, "ಯಾಕೆ? ನೋಡಿದವ್ರು ಸ್ವಲ್ಪ ಹೆದರ್ಕೊಳ್ಲಿ ಬಿಡು" ಅನ್ನುತ್ತಿದ್ದರು. ಅವರಿಗೆ ಹೆದರುವುದಕ್ಕೆ ಹಲ್ಲು ನೋಡಬೇಕಾಗಿಯೇ ಇರಲಿಲ್ಲ.

ವಿಜಯನಗರದ ಮೈದಾನವೊಂದರಲ್ಲಿ ದಿನಾ ಬೆಳಿಗ್ಗೆ ನಮಗೆ ಕಬಡ್ಡಿ ಕಲಿಸುತ್ತಿದ್ದರು. ನಾವು ಹತ್ತು ಹನ್ನೆರಡು ಹುಡುಗಿಯರು. ಕೆಲವರು ಡಿಗ್ರಿ ಓದುವವರು, ಕೆಲವರು ಗಾರ್ಮೆಂಟ್ಸಿಗೆ ಹೋಗುವವರು. ನಾವೆಲ್ಲ ಬರಿಗಾಲಲ್ಲಿ ಆಡುತ್ತಿದ್ದೆವು. ಮೇಡಂ ಮಾತ್ರ ಕ್ಯಾನ್ವಾಸ್ ಶೂ ಹಾಕಿಕೊಂಡು ಗೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಯಾರ ಕಾಲು ನಿಧಾನವಾಯಿತೋ ಆ ಕಾಲಿನ ಮೇಲೆ ದಬಕ್ಕನೆ ತುಳಿಯುತ್ತಿದ್ದರು. "ಕಾಲೆತ್ತೇ! ನೆಲಕ್ಕೇನು ಮೊಳೆ ಹೊಡ್ದಿದಾರಾ ನಿನ್ನ?" ಅತ್ತರೆ ಇನ್ನೊಂದು ಬೀಳುತ್ತಿತ್ತು.

ಒಮ್ಮೆ ಕೆಂಗೇರಿಯಲ್ಲಿ ಪಂದ್ಯ ಮುಗಿಸಿ ಹೊರಬರುವಾಗ ಗುಂಪಿನಲ್ಲಿದ್ದ ಒಬ್ಬ ನಮ್ಮ ಹುಡುಗಿಯೊಬ್ಬಳ ಸೊಂಟಕ್ಕೆ ಕೈಹಾಕಿದ. ಮೇಡಂ ಅವನ ಕಾಲರ್ ಹಿಡಿದು ಎಳೆದು ತಂದು ಶಾಮಿಯಾನದ ಕಂಬಕ್ಕೆ ಎರಡು ಸಲ ಅವನ ತಲೆ ಬಡಿದರು. ಅವನ ಮೂಗಿನಿಂದ ರಕ್ತ ಸುರಿಯಿತು. ಬಿಡಿಸಲು ಬಂದ ಅವನ ಗೆಳೆಯ, ಹೊಟ್ಟೆಗೆ ಬಿದ್ದ ಮೊಣಕೈ ಏಟಿಗೆ ಅಲ್ಲೇ ಕುಸಿದ. ಆಮೇಲೆ ಬಸ್ಸಿನಲ್ಲಿ ಏನೂ ಆಗದವರಂತೆ ನಮಗೆ ಕಡಲೆಕಾಯಿ ಹಂಚುತ್ತ, "ಸೆಕೆಂಡ್ ಹಾಫಲ್ಲಿ ಯಾಕ್ರೇ ಹಂಗೆ ಕತ್ತೆಗಳ ಥರ ಆಡಿದ್ರಿ?" ಎಂದು ಬೈದುಕೊಂಡು ಬಂದರು.

ಅಂಥವರು ಒಂದು ದಿನ ನನ್ನ ಬಲಗಾಲಿನ ಹೆಬ್ಬೆರಳನ್ನು ತುಳಿದರು. ಉಗುರಿನ ಕೆಳಗೆ ಕಪ್ಪು ಕಾಣಿಸಿತು. ಅದು ಅವತ್ತೇ ಆದದ್ದೋ, ಮೊದಲೇ ಇದ್ದದ್ದನ್ನು ಅವತ್ತು ಗಮನಿಸಿದೆನೋ, ಈಗಲೂ ಹೇಳಲಾರೆ. "ರಕ್ತ ಹೆಪ್ಪುಗಟ್ಟಿದೆ ಅಷ್ಟೆ. ಉಗುರು ಬಿದ್ದು ಹೊಸದು ಬರತ್ತೆ" ಅಂದರು. ನಾನೂ ನಂಬಿದೆ. ತಿಂಗಳುಗಳು ಕಳೆದವು. ಉಗುರು ಸೀಳಿತು, ಒಸರತೊಡಗಿತು, ಕಪ್ಪು ಪಕ್ಕದ ಚರ್ಮಕ್ಕೂ ಇಳಿಯಿತು. ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೆಲನೋಮಾ ಎಂದು ಬಂತು. ಚರ್ಮದ ಕ್ಯಾನ್ಸರ್. ಬೆರಳು ತೆಗೆಯಬೇಕು, ತೊಡೆಸಂದಿನ ಗ್ರಂಥಿಗಳಿಗೆ ಹರಡಿದೆಯೋ ನೋಡಬೇಕು ಅಂದರು ಡಾಕ್ಟರು. ನನಗಾಗ ಇಪ್ಪತ್ತೊಂದು ವರ್ಷ.

ಸುದ್ದಿ ಕೇಳಿ ಮೇಡಂ ಗೋವಿಂದರಾಜನಗರದ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಅಮ್ಮ ಕಿರುಚಿದಳು. "ತುಳಿದೂ ತುಳಿದೂ ನನ್ನ ಮಗಳಿಗೆ ಕ್ಯಾನ್ಸರ್ ತಂದಿಟ್ರಲ್ಲ, ಈಗ ಏನ್ ನೋಡಕ್ ಬಂದ್ರಿ?" ಮೇಡಂ ಸುಮ್ಮನೆ ನಿಂತದ್ದನ್ನು ನೋಡಿ ನನಗೆ ರೊಚ್ಚೆದ್ದಿತು. ಕೈಗೆ ಸಿಕ್ಕ ಸ್ಟೀಲ್ ಚೊಂಬನ್ನು ಬೀಸಿ ಎಸೆದೆ. ಅದು ಹಣೆಗೆ ಬಡಿಯಿತು, ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. ಅವರು ಒರೆಸಿಕೊಳ್ಳಲಿಲ್ಲ.

"ಇನ್ನೂ ಏನಾದ್ರೂ ಇದ್ರೆ ಎಸಿ" ಅಂದರು. "ಆಮೇಲೆ ನಡಿ, ಡಾಕ್ಟರ್ ಹತ್ರ ಹೋಗೋಣ. ನನ್ನಿಂದ ಬಂತೋ ಇಲ್ವೋ, ನಿನ್ನ ಎದುರಿಗೇ ಕೇಳ್ತೀನಿ."

ನಿಜವಾಗಿಯೂ ಕೇಳಿದರು. ಹುಬ್ಬಿನ ಮೇಲೆ ಹತ್ತಿ ಒತ್ತಿಕೊಂಡು, ಶಾಲೆಯ ಮಗುವಿನಂತೆ ನಿಂತು, "ಡಾಕ್ಟ್ರೇ, ನಾನು ಇವಳ ಕಾಲು ತುಳ್ದಿದ್ದೆ. ಅದಕ್ಕೇ ಬಂತಾ?" ಅಂದರು.

"ಇಲ್ಲಮ್ಮ, ಒಂದು ತುಳಿತಕ್ಕೆ ಕ್ಯಾನ್ಸರ್ ಬರಲ್ಲ. ಆದ್ರೆ ಏಟು ಅಂದ್ಕೊಂಡು ಸುಮ್ಮನಿದ್ರಲ್ಲ, ಅದ್ರಿಂದ ತಡ ಆಯ್ತು" ಅಂದರು ಡಾಕ್ಟರು.

ಹೊರಗೆ ಬಂದವರೇ ಮೇಡಂ ಕಾರಿಡಾರಿನ ಗೋಡೆಗೆ ಮುಷ್ಟಿಯಿಂದ ಗುದ್ದಿದರು. ಗೆಣ್ಣಿನ ಚರ್ಮ ಕಿತ್ತುಬಂತು. "ರೋಗ ನಂದಲ್ಲ. ತಡ ನಂದು" ಅಂದರು. ಅವತ್ತಿನಿಂದ ಆ ತಡದ ಹೊಣೆ ಹೊತ್ತವರಂತೆ ನನ್ನ ಹಿಂದೆ ನಿಂತರು.

ಬೆರಳು ತೆಗೆದ ಮೇಲಿನ ದಿನಗಳು ನನ್ನ ಬದುಕಿನ ಅತ್ಯಂತ ಕೆಟ್ಟ ದಿನಗಳು. ಇಲ್ಲದ ಬೆರಳು ಉರಿಯುತ್ತಿತ್ತು. ಗಾಯಕ್ಕೆ ಪಟ್ಟಿ ಬದಲಿಸುವಾಗ ಅಮ್ಮ ತಡೆಯಲಾಗದೆ ಹೊರಗೆ ಹೋಗುತ್ತಿದ್ದಳು. ಮೇಡಂ ಪಕ್ಕದಲ್ಲಿ ಕೂತು ತಮ್ಮ ತೋಳು ಕೊಡುತ್ತಿದ್ದರು. ನಾನು ಉಗುರು ಊರುತ್ತಿದ್ದೆ. ಒಂದು ದಿನ ನೋವಿಗೋ ಭಯಕ್ಕೋ ತಲೆಕೆಟ್ಟು ಅವರ ಎದೆಗೆ, ಮುಖಕ್ಕೆ ಗುದ್ದತೊಡಗಿದೆ. ನರ್ಸ್ ಓಡಿಬಂದಳು. ಮೇಡಂ ಅವಳನ್ನು ತಡೆದು ನನಗೆ ಅಂದರು: "ಹೊಡಿ. ಆದ್ರೆ ಮುಷ್ಟಿ ಸರಿಯಾಗಿ ಕಟ್ಟು. ಹೆಬ್ಬೆಟ್ಟು ಒಳಗಿಟ್ಟು ಗುದ್ದಿದ್ರೆ ನಿನ್ನ ಕೈಯೇ ಮುರಿಯತ್ತೆ."

ನಾನು ಹೊಡೆಯುತ್ತಲೇ ನಕ್ಕೆ. ನಗುತ್ತಲೇ ಅಳು ಬಂತು.

ನೋಡಲು ಬಂದ ನೆಂಟರೆಲ್ಲ "ಏನೂ ಆಗಲ್ಲ, ದೇವರಿದ್ದಾನೆ" ಅನ್ನುತ್ತಿದ್ದರು. ಅವರ ಕಣ್ಣು ಮಾತ್ರ ಬೇರೆ ಹೇಳುತ್ತಿತ್ತು. ಗ್ರಂಥಿಯ ರಿಪೋರ್ಟಿಗೆ ಕಾಯುತ್ತಿದ್ದ ಮಧ್ಯಾಹ್ನ ನಾನು ಮೇಡಂ ಅವರನ್ನು ಕೇಳಿದೆ: "ನಾನು ಸಾಯ್ತೀನಾ?"

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. "ನಂಗೊತ್ತಿಲ್ಲ ಕಣೇ. ಗೊತ್ತು ಅಂತ ಹೇಳೋರ ಬಾಯಿಗೆ ಒಂದು ಬಿಡ್ತೀನಿ. ಆದ್ರೆ ಏನೇ ಬರ್ಲಿ, ನಾನಿಲ್ಲಿಂದ ಏಳಲ್ಲ."

ಆ ಕಾಯಿಲೆಯಲ್ಲಿ ನಾನು ಪೂರ್ತಿ ನಂಬಿದ ಮಾತು ಅದೊಂದೇ. ಸಂಜೆ ರಿಪೋರ್ಟ್ ಬಂತು. ಗ್ರಂಥಿಗಳಿಗೆ ಹರಡಿರಲಿಲ್ಲ. ಅಮ್ಮ ಮೇಡಂ ಕೈ ಹಿಡಿದುಕೊಂಡು ಕೂತುಬಿಟ್ಟಳು.

ಹೆಬ್ಬೆರಳಿಲ್ಲದ ಕಾಲು ನೆಲವನ್ನು ಒತ್ತುವುದಿಲ್ಲ; ಹೆಜ್ಜೆ ಹೆಜ್ಜೆಗೂ ದೇಹ ಪಕ್ಕಕ್ಕೆ ವಾಲುತ್ತದೆ. ಡಾಕ್ಟರ ಒಪ್ಪಿಗೆ ಸಿಕ್ಕಿದ ಮೇಲೆ ಮೇಡಂ ನನ್ನನ್ನು ಮತ್ತೆ ಮೈದಾನಕ್ಕೆ ಕರೆದೊಯ್ದರು. ಎದುರಿಗೆ ನಿಂತು, "ತಳ್ಳು ನನ್ನ" ಅಂದರು. ನಾನು ತಳ್ಳಿ ತಳ್ಳಿ ಬೀಳುತ್ತಿದ್ದೆ. ಮಂಡಿ ತರಚಿತು, ಬಾಯಿಗೆ ಮಣ್ಣು ಬಂತು. ಅವರು ಕೈಕೊಟ್ಟು ಎತ್ತುತ್ತಲೇ ಇರಲಿಲ್ಲ. ಅದೆಷ್ಟೋ ವಾರಗಳ ನಂತರ ಒಂದು ಬೆಳಿಗ್ಗೆ ನನ್ನ ಭುಜ ಅವರ ಎದೆಗೆ ಸರಿಯಾಗಿ ನಾಟಿತು. ಅಷ್ಟು ದೊಡ್ಡ ಹೆಂಗಸು ದೊಪ್ಪನೆ ಬೆನ್ನ ಮೇಲೆ ಬಿದ್ದರು. ಹುಡುಗಿಯರು ಉಸಿರು ಬಿಗಿಹಿಡಿದರು. ಅವರು ಮಲಗಿದಲ್ಲೇ ಆಕಾಶ ನೋಡುತ್ತ, "ಈಗ ಮನೆಗೆ ಹೋಗಿ ಊಟ ಮಾಡು, ಹೋಗು" ಅಂದರು.

ಅಂದಿನಿಂದ ಅವರು ಯಾರ ಕಾಲನ್ನೂ ತುಳಿಯಲಿಲ್ಲ. ಕಾಲು ನಿಧಾನವಾದವರ ಬೆನ್ನಿಗೆ ಬೀಳುವ ಕೈ ಮಾತ್ರ ನಿಲ್ಲಲಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ ಅವರಿಗೆ ಲಕ್ವ ಹೊಡೆಯಿತು. ಅನ್ನಪೂರ್ಣೇಶ್ವರಿ ನಗರದ ತಂಗಿಯ ಮನೆಯಲ್ಲಿದ್ದರು. ಆರು ತಿಂಗಳೂ ಉಳಿಯಲಿಲ್ಲ. ಕೊನೆಯ ಸಲ ಹೋದಾಗ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ನಾನು ಪಕ್ಕದಲ್ಲಿ ಕೂತು, "ಇನ್ಮೇಲೆ ವರ್ಷಕ್ಕೊಂದು ಸಲ ಡಾಕ್ಟ್ರಿಗೆ ತೋರಿಸಿದ್ರೆ ಸಾಕಂತೆ ಮೇಡಂ" ಅಂದೆ.

ಅವರ ಮುಖದ ಅರ್ಧ ಭಾಗ ನಕ್ಕಿತು. ಎಡಗೈ ನಿಧಾನವಾಗಿ ಮೇಲೆದ್ದಿತು, ನನ್ನ ಬೆನ್ನ ಮೇಲೆ ಬಿತ್ತು. ಮೈಮೇಲೆ ಟವಲ್ ಬಿದ್ದಷ್ಟೂ ಭಾರವಿರಲಿಲ್ಲ.

"ಜೋರಾಗ್... ಬಿತ್ತಾ?" ತೊದಲುತ್ತ ಕೇಳಿದರು.

"ಅಯ್ಯೋ, ಪ್ರಾಣ ಹೋಯ್ತು ಮೇಡಂ" ಅಂದೆ, ಬೆನ್ನು ಉಜ್ಜಿಕೊಳ್ಳುತ್ತ.